ಗ್ಯಾಸ್ ಲಿಫ್ಟ್: ಅನಿಲ ಎಷ್ಟು ಆಳದಲ್ಲಿ ಒಳಹೊಕ್ಕಿತು ಎಂಬುದೇ ಲೆಕ್ಕ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ತೋಟದ ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾದ ಮೇಲೆ ಮೋಟಾರು ತೆಗೆಸಿ ಕಂಪ್ರೆಸರ್ ಹಾಕಿಸಿದೆವು. ಗಾಳಿ ಕೆಳಗೆ ಹೋಗಿ ನೀರು ಉಕ್ಕಿಕೊಂಡು ಬರುತ್ತದೆ. ಮುಂಬೈ ಹೈನಲ್ಲಿ ಎಣ್ಣೆ ಎತ್ತುವುದೂ ಹೀಗೆಯೇ ಎಂದು ಮಗ ಹೇಳುತ್ತಾನೆ. ಹೌದೇ? (ಓದುಗರು, ಚಿತ್ರದುರ್ಗ ಜಿಲ್ಲೆ)

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಗಾಳಿ ನೀರನ್ನು ಕೆಳಗಿನಿಂದ ನೂಕುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮುಖ್ಯವಾಗಿ ನಡೆಯುವುದು ಅದಲ್ಲ. ಗುಳ್ಳೆ ಬೆರೆತ ನೀರು ಹಗುರಾಗುತ್ತದೆ, ಹಗುರಾದ ಕಂಬವನ್ನು ಸುತ್ತಲಿನ ನೀರಿನ ಒತ್ತಡವೇ ಮೇಲೆತ್ತುತ್ತದೆ. ಪೈಪು ನೀರಿನಲ್ಲಿ ಸಾಕಷ್ಟು ಮುಳುಗಿಲ್ಲದಿದ್ದರೆ ಬರೀ ಗಾಳಿ ಬರುವುದನ್ನು ನೀವೂ ನೋಡಿರುತ್ತೀರಿ. ತೈಲಬಾವಿಯಲ್ಲೂ ಅದೇ ನಿಯಮ: ತಳದಲ್ಲಿ ಒತ್ತಡ ಉಳಿದಿದ್ದರೆ ಮಾತ್ರ ಗ್ಯಾಸ್ ಲಿಫ್ಟ್, ಅಂದರೆ ಅನಿಲ ಬೆರೆಸಿ ಎಣ್ಣೆ ಎತ್ತುವ ವಿಧಾನ, ಕೆಲಸಕ್ಕೆ ಬರುತ್ತದೆ.

ಮುಂಬೈ ಹೈ ಕ್ಷೇತ್ರ 1974ರಲ್ಲಿ ಪತ್ತೆಯಾಗಿ 1976ರಲ್ಲಿ ಉತ್ಪಾದನೆ ಆರಂಭಿಸಿತು. ಮೊದಲು ತಾವಾಗಿಯೇ ಹರಿಯುತ್ತಿದ್ದ ಬಾವಿಗಳು ಒತ್ತಡ ಇಳಿದು ನೀರು ಬೆರೆಯತೊಡಗಿದಂತೆ ನಿಧಾನವಾದವು. ಇಂದು ಅಲ್ಲಿ ಎಣ್ಣೆ ಎತ್ತುವ ಮುಖ್ಯ ವಿಧಾನ ಗ್ಯಾಸ್ ಲಿಫ್ಟ್. ಗುಜರಾತಿನ ಗಂಧಾರ್‌ನಲ್ಲಿ, ಅಸ್ಸಾಮಿನ ಕ್ಷೇತ್ರಗಳಲ್ಲೂ ಇದು ಬಳಕೆಯಲ್ಲಿದೆ.

ನಿಮ್ಮ ಕಂಪ್ರೆಸರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಗಾಳಿ ಬಳಸುವಂತಿಲ್ಲ. ಎಣ್ಣೆಯ ಆವಿಗೆ ಆಮ್ಲಜನಕ ಸೇರಿದರೆ ಸ್ಫೋಟದ ಭಯ, ಉಕ್ಕಿನ ಕೊಳವೆಗೆ ತುಕ್ಕು ಬೇರೆ. ಹಾಗಾಗಿ ಎಣ್ಣೆಯ ಜೊತೆ ಬಂದ ನೈಸರ್ಗಿಕ ಅನಿಲವನ್ನೇ ಬೇರ್ಪಡಿಸಿ, ನೀರಿನಂಶ ತೆಗೆದು, ಒತ್ತಡಕ್ಕೇರಿಸಿ ಬಾವಿಗೆ ಕಳಿಸುತ್ತಾರೆ. ಅದು ಖರ್ಚಾಗುವುದಿಲ್ಲ. ಎಣ್ಣೆಯೊಂದಿಗೆ ಮೇಲೆ ಬಂದು ಮತ್ತೆ ಸುತ್ತುತ್ತದೆ.

ಪ್ರಶ್ನೆ: ಪದರದಲ್ಲಿ ಒತ್ತಡವಿದ್ದೂ ಎಣ್ಣೆ ಮೇಲೆ ಬರುವುದಿಲ್ಲ ಏಕೆ? ಅನಿಲ ಹಾಕಿದರೆ ಎಷ್ಟು ಬದಲಾಗುತ್ತದೆ? ಅಂಕಿಗಳಲ್ಲಿ ವಿವರಿಸಿದರೆ ಉಪಕಾರ. (ಮೆಕ್ಯಾನಿಕಲ್ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಒಂದು ಮಾದರಿ ಬಾವಿ ತೆಗೆದುಕೊಳ್ಳೋಣ. ಆಳ 2000 ಮೀಟರ್. ತೈಲಪದರದ ಒತ್ತಡ ಚದರ ಸೆಂಟಿಮೀಟರಿಗೆ 140 ಕಿಲೋ. ಮುಂದೆ ಇದನ್ನು ಬರೇ ‘ಕಿಲೋ’ ಎನ್ನುತ್ತೇನೆ. ಎಣ್ಣೆ ಮತ್ತು ನೀರು ಬೆರೆತ ದ್ರವ ಮೀಟರಿಗೆ 0.095 ಕಿಲೋ ಭಾರ ಹಾಕುತ್ತದೆ. ಬಾವಿ ತುಂಬಿ ನಿಂತರೆ ತಳದಲ್ಲಿ 190 ಕಿಲೋ ಆಗಬೇಕು. ಪದರದ ಕೈಲಿರುವುದು 140. ಹಾಗಾಗಿ ದ್ರವ ನೆಲಮಟ್ಟಕ್ಕಿಂತ ಸುಮಾರು 525 ಮೀಟರ್ ಕೆಳಗೇ ನಿಂತುಬಿಡುತ್ತದೆ. ಬಾವಿ ‘ಸತ್ತಿದೆ’ ಎನ್ನುವುದು ಇದನ್ನೇ.

ಈಗ 1800 ಮೀಟರ್ ಆಳದಲ್ಲಿ ಅನಿಲ ಒಳಬಿಡಿ. ಅಲ್ಲಿಂದ ಮೇಲಿನ ಮಿಶ್ರಣದ ಭಾರ ಮೀಟರಿಗೆ 0.03ಕ್ಕೆ ಇಳಿಯಿತೆನ್ನಿ. ಬಾವಿಯ ಬಾಯಲ್ಲಿ 10 ಕಿಲೋ, ಮೇಲಿನ ಭಾಗಕ್ಕೆ 54, ಕೆಳಗಿನ 200 ಮೀಟರಿಗೆ 19: ತಳದ ಒತ್ತಡ 83. ಪದರಕ್ಕೂ ತಳಕ್ಕೂ 57 ಕಿಲೋ ಅಂತರ ಸಿಕ್ಕಿತು. ಪ್ರತಿ ಕಿಲೋ ಅಂತರಕ್ಕೆ ದಿನಕ್ಕೆ 1.5 ಘನಮೀಟರ್ ಕೊಡುವ ಬಾವಿಯಾದರೆ ದಿನಕ್ಕೆ 85 ಘನಮೀಟರ್ ದ್ರವ.

ಅದೇ ಅನಿಲ 1050 ಮೀಟರಿನಲ್ಲೇ ಒಳಹೊಕ್ಕರೆ? ತಳದ ಒತ್ತಡ 132, ಅಂತರ ಬರೇ 8, ಉತ್ಪಾದನೆ 12 ಘನಮೀಟರ್. ಕಂಪ್ರೆಸರ್ ಓಡುತ್ತಿರುತ್ತದೆ, ಮೀಟರಿನಲ್ಲಿ ಅನಿಲ ಹೋಗುತ್ತಿರುತ್ತದೆ, ಎಣ್ಣೆ ಮಾತ್ರ ಏಳರಲ್ಲಿ ಒಂದು ಪಾಲು. ಗ್ಯಾಸ್ ಲಿಫ್ಟ್ ಬಗ್ಗೆ ಯಾರಾದರೂ ಒಂದೇ ವಿಷಯ ಕಲಿಯುವುದಾದರೆ ಈ ಎರಡು ಅಂಕಿಗಳನ್ನು ಕಲಿಯಲಿ ಎಂಬುದು ನನ್ನ ಅಭಿಪ್ರಾಯ. ಅನಿಲ ಸಾಧ್ಯವಾದಷ್ಟೂ ಆಳದಲ್ಲಿ, ಒಂದೇ ಜಾಗದಿಂದ ಒಳಹೋಗಬೇಕು.

ಇಂಥ ಬಾವಿಗೆ ದಿನಕ್ಕೆ 15ರಿಂದ 25 ಸಾವಿರ ಘನಮೀಟರ್ ಅನಿಲ ಸಾಕಾಗುತ್ತದೆ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದು ಕೊಡುತ್ತಾ ಹೋಗಬೇಡಿ. ಒಂದು ಹಂತದ ಮೇಲೆ, ಎಣ್ಣೆ ಮೇಲೆ ಬರುವ ಒಳಕೊಳವೆಯಾದ ಟ್ಯೂಬಿಂಗಿನೊಳಗಿನ ಘರ್ಷಣೆ ಹೆಚ್ಚಾಗಿ ಎಣ್ಣೆ ಇಳಿಯತೊಡಗುತ್ತದೆ. ಹಲವು ಬಾವಿಗಳಿಗೆ ಒಂದೇ ಕಂಪ್ರೆಸರ್ ಇದ್ದಾಗ ಸಮನಾಗಿ ಹಂಚುವುದೂ ತಪ್ಪು. ಇನ್ನೊಂದು ಸಾವಿರ ಘನಮೀಟರ್ ಕೊಟ್ಟರೆ ಯಾವ ಬಾವಿ ಹೆಚ್ಚು ಎಣ್ಣೆ ಕೊಡುತ್ತದೋ ಅದಕ್ಕೆ ಕೊಡಬೇಕು. ನೀರಲ್ಲ, ಎಣ್ಣೆ ಎಂಬುದನ್ನು ಗಮನಿಸಿ.

ಪ್ರಶ್ನೆ: ತಳದಲ್ಲಿ ಒಂದು ತೂತು ಸಾಕಲ್ಲವೇ? ನಕ್ಷೆಯಲ್ಲಿ ಐದಾರು ವಾಲ್ವ್ ತೋರಿಸುತ್ತಾರೆ. (ಓದುಗರು, ಹುಬ್ಬಳ್ಳಿ)

ಉತ್ತರ: ಬಾವಿ ಓಡಲು ಒಂದೇ ಸಾಕು. ಮಿಕ್ಕವು ಚಾಲೂ ಮಾಡುವುದಕ್ಕೆ. ವರ್ಕ್‌ಓವರ್, ಅಂದರೆ ಬಾವಿಯ ದುರಸ್ತಿ, ಮುಗಿದಾಗ ಹೊರಕೊಳವೆಯಾದ ಕೇಸಿಂಗ್ ಮತ್ತು ಟ್ಯೂಬಿಂಗ್ ನಡುವಿನ ಜಾಗವಾದ ಅನ್ಯುಲಸ್ ಪೂರ್ತಿ ಉಪ್ಪುನೀರು ತುಂಬಿರುತ್ತದೆ. ಅದರ ಭಾರ ಮೀಟರಿಗೆ 0.103 ಕಿಲೋ. ಅನಿಲದ ಲೈನಿನಲ್ಲಿರುವುದು 75 ಕಿಲೋ ಎಂದುಕೊಳ್ಳಿ. ಎದುರಿಗೆ ಟ್ಯೂಬಿಂಗಿನಲ್ಲೂ ನೀರೇ ನಿಂತಿರುವಾಗ, ಬಾವಿಯ ಬಾಯಿಯ 10 ಕಿಲೋ ಕಳೆದರೆ, ಈ ಒತ್ತಡ ಅನ್ಯುಲಸ್ಸಿನ ನೀರನ್ನು ಸುಮಾರು 630 ಮೀಟರಿಗಿಂತ ಕೆಳಗೆ ತಳ್ಳಲಾರದು. ಮೊದಲ ವಾಲ್ವ್ ಅಲ್ಲಿರಬೇಕು. ಅದರಿಂದ ಅನಿಲ ನುಗ್ಗಿ ಮೇಲಿನ ಕಂಬ ಹಗುರಾದ ಮೇಲೆ ಅನ್ಯುಲಸ್ಸಿನ ಮಟ್ಟ ಮತ್ತಷ್ಟು ಇಳಿದು ಎರಡನೆಯದನ್ನು ಮುಟ್ಟುತ್ತದೆ. ನಮ್ಮ ಮಾದರಿ ಬಾವಿಯಲ್ಲಿ 630, 1050, 1400, 1650, ಕೊನೆಗೆ 1800. ಕೆಳಗೆ ಹೋದಂತೆ ಟ್ಯೂಬಿಂಗಿನೊಳಗಿನ ಒತ್ತಡ ಏರುವುದರಿಂದ ವಾಲ್ವ್‌ಗಳ ನಡುವಿನ ದೂರ ಕಿರಿದಾಗುತ್ತಾ ಬರುತ್ತದೆ.

ಮೇಲಿನ ವಾಲ್ವ್ ಮುಚ್ಚುವುದು ತಾನಾಗಿಯೇ. ಅದರ ತಲೆಯಲ್ಲಿ ನೈಟ್ರೋಜನ್ ತುಂಬಿದ ಡೋಮ್, ಅದಕ್ಕೆ ಅಂಟಿದ ತೆಳು ಲೋಹದ ಮಡಿಕೆ ಮಡಿಕೆಯ ಬೆಲೋಸ್, ಬೆಲೋಸ್ ತುದಿಯಲ್ಲಿ ಕಡ್ಡಿ ಮತ್ತು ಗುಂಡು. ನೈಟ್ರೋಜನ್ ಗುಂಡನ್ನು ಸೀಟಿನ ಮೇಲೆ ಒತ್ತುತ್ತದೆ, ಕೇಸಿಂಗಿನ ಅನಿಲ ಬೆಲೋಸನ್ನು ಕುಗ್ಗಿಸಿ ತೆರೆಯುತ್ತದೆ. ಕೆಳಗಿನ ವಾಲ್ವ್ ಅನಿಲ ಎಳೆಯತೊಡಗಿದಾಗ ಕೇಸಿಂಗ್ ಒತ್ತಡ ಸ್ವಲ್ಪ ಇಳಿಯುತ್ತದೆ. ಪ್ರತಿ ವಾಲ್ವನ್ನೂ ಅದರ ಮೇಲಿನದಕ್ಕಿಂತ 1ರಿಂದ 2 ಕಿಲೋ ಕಡಿಮೆಗೆ ಹೊಂದಿಸಿರುವುದರಿಂದ ಮೇಲಿನದು ಮೊದಲು ಮುಚ್ಚುತ್ತದೆ. ತಳದಲ್ಲಿ ಮಾತ್ರ ಬೆಲೋಸ್ ಇಲ್ಲದ ಆರಿಫೈಸ್: ಅಳತೆಯ ತೂತು ಮತ್ತು ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್.

ಪ್ರಶ್ನೆ: ಇವನ್ನು ಬಾವಿಯೊಳಗೆ ಕೂರಿಸುವುದು ಹೇಗೆ? ಕೆಟ್ಟರೆ ಇಡೀ ಪೈಪು ಎತ್ತಬೇಕೇ? (ಐಟಿಐ ಬೋಧಕರು, ಬೆಳಗಾವಿ)

ಉತ್ತರ: ಎತ್ತಬೇಕಿಲ್ಲ. ಅದಕ್ಕಾಗಿಯೇ ಸೈಡ್ ಪಾಕೆಟ್ ಮ್ಯಾಂಡ್ರೆಲ್ ಇರುವುದು. ಟ್ಯೂಬಿಂಗಿನಲ್ಲಿ ಜೋಡಿಸುವ ಮೊಟ್ಟೆಯಾಕಾರದ ತುಂಡು ಅದು. ಪಕ್ಕದಲ್ಲಿ ವಾಲ್ವ್ ಕೂರುವ ಗೂಡಿದ್ದು ಮಧ್ಯದ ದಾರಿ ಪೂರ್ತಿ ತೆರೆದಿರುತ್ತದೆ.

ಕೆಲಸ ಶುರುವಾಗುವುದು ವಾಲ್ವ್ ಟೆಸ್ಟ್ ಬೆಂಚಿನಲ್ಲಿ. ಡೋಮಿಗೆ ನೈಟ್ರೋಜನ್ ತುಂಬಿ, ವಾಲ್ವನ್ನು 15.6 ಡಿಗ್ರಿ ಸೆಲ್ಸಿಯಸ್ ನೀರಿನ ತೊಟ್ಟಿಯಲ್ಲಿಟ್ಟು, ತಾಪ ಹೊಂದಿದ ಮೇಲಷ್ಟೇ ತೆರೆಯುವ ಒತ್ತಡ ಅಳೆಯುತ್ತಾರೆ. ತಾಪದ ವಿಷಯದಲ್ಲಿ ರಿಯಾಯಿತಿ ಬೇಡ. ಬಾವಿಯೊಳಗೆ 80 ಡಿಗ್ರಿ ಇದ್ದರೆ ಡೋಮಿನ ಒತ್ತಡ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಆಳದ ತಾಪವನ್ನು ತಪ್ಪಾಗಿ ಅಂದಾಜಿಸಿದರೆ ವಾಲ್ವ್ ತೆರೆಯಬೇಕಾದಲ್ಲಿ ತೆರೆಯುವುದೇ ಇಲ್ಲ. ಬಳಿಕ ವಾಲ್ವನ್ನು ನೀರಿನ ಅಧಿಕ ಒತ್ತಡದ ಕೋಶದಲ್ಲಿಟ್ಟು ಬೆಲೋಸನ್ನು ಪಳಗಿಸಿ, ಕೆಲವು ದಿನ ಶೆಲ್ಫಿನಲ್ಲಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಸರಿದಿದ್ದರೆ ಬೆಲೋಸ್ ಸೋರುತ್ತಿದೆ ಎಂದರ್ಥ. ಅದನ್ನು ಬಾವಿಗೆ ಇಳಿಸಬಾರದು.

ಬಾವಿಯ ಕಡೆ, ಕೇಸಿಂಗಿಗೆ ಒಳಗೋಡೆ ಕೆರೆಯುವ ಸ್ಕ್ರೇಪರ್ ಓಡಿಸಿ, ಸೋಸಿದ ಉಪ್ಪುನೀರು ಸುತ್ತಿಸಿ ತೊಳೆಯುತ್ತಾರೆ. ಈ ತೊಳೆತಕ್ಕೆ ಸಮಯ ಉಳಿಸಲು ಹೋಗುವುದು ದುಬಾರಿ. ತುಕ್ಕಿನ ಚೂರು, ಪೈಪಿನ ತಿರುಪಿಗೆ ಹಚ್ಚಿದ ಗ್ರೀಸು ಎಲ್ಲವೂ ಕೊನೆಗೆ ವಾಲ್ವಿನ 6 ಮಿಲಿಮೀಟರ್ ತೂತಿಗೇ ಬಂದು ಸೇರುತ್ತವೆ. ನಂತರ ಕೆಳಗಿನಿಂದ ನಿಪ್ಪಲ್ (ಉಪಕರಣ ಕೂರಿಸುವ ತುಂಡು), ಪ್ಯಾಕರ್ (ಅನ್ಯುಲಸ್ಸಿನ ತಳ ಮುಚ್ಚುವ ಬಿರಡೆ), ಅದರ ಮೇಲೆ ನಿಗದಿತ ಆಳಗಳಲ್ಲಿ ಮ್ಯಾಂಡ್ರೆಲ್‌ಗಳನ್ನು ಜೋಡಿಸುತ್ತಾ ಟ್ಯೂಬಿಂಗ್ ಇಳಿಸುತ್ತಾರೆ. ಪ್ರತಿ ಮ್ಯಾಂಡ್ರೆಲ್ಲಿನ ಒಳಗೆ ಡ್ರಿಫ್ಟ್ ಎಂಬ ಅಳತೆಯ ಸಲಾಕೆ ಹಾಯಿಸಿ, ಅದು ತಲೆಕೆಳಗಾಗಿ ಜೋಡಣೆಯಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಗೂಡುಗಳಲ್ಲಿ ಆಗ ಇರುವುದು ತೂತಿಲ್ಲದ ಡಮ್ಮಿ. ಡಮ್ಮಿ ಇದ್ದರೆ ತಾನೇ ಟ್ಯೂಬಿಂಗಿಗೆ ಒತ್ತಡ ಹಾಕಿ ಪ್ಯಾಕರ್ ಕೂರಿಸಲು, ಸೋರಿಕೆ ಪರೀಕ್ಷಿಸಲು ಆಗುವುದು. ಸಮುದ್ರದ ಬಾವಿಯಾದರೆ ಮೇಲ್ಭಾಗದಲ್ಲಿ ಸುರಕ್ಷತಾ ವಾಲ್ವೂ ಸೇರುತ್ತದೆ.

ಕೊನೆಯ ಹಂತ ಸ್ಲಿಕ್‌ಲೈನಿನದು, ಅಂದರೆ ಉಪಕರಣ ಇಳಿಸುವ ತೆಳು ಉಕ್ಕಿನ ತಂತಿಯದು. ಮೊದಲು ತಳದಲ್ಲಿ ಒಂದು ಕ್ಯಾಚರ್ ಕೂರಿಸಿ, ಜಾರಿದ ವಾಲ್ವ್ ಅದರಲ್ಲಿ ಬೀಳಲಿ. ವಾಲ್ವನ್ನು ಗೂಡಿನತ್ತ ಬಾಗಿಸುವ ಕಿಕ್‌ಓವರ್ ಟೂಲನ್ನು ಮ್ಯಾಂಡ್ರೆಲ್ ದಾಟಿಸಿ ಇಳಿಸಿ, ನಿಧಾನವಾಗಿ ಮೇಲೆಳೆದರೆ ಅದರ ಕೀ ಮ್ಯಾಂಡ್ರೆಲ್ಲಿನೊಳಗಿನ ಸ್ಲೀವಿನಲ್ಲಿ ಸಿಕ್ಕಿ ತಿರುಗಿ ನಿಲ್ಲುತ್ತದೆ. ಇನ್ನಷ್ಟು ಎಳೆದಾಗ ಟೂಲಿನ ತೋಳು ಗೂಡಿನ ಕಡೆಗೆ ಮಡಚಿಕೊಳ್ಳುತ್ತದೆ. ಆಮೇಲೆ ಇಳಿಸಿ, ಸುತ್ತಿಗೆಯಂತೆ ಪೆಟ್ಟು ಕೊಡುವ ಜಾರ್ ಹೊಡೆದು ಡಮ್ಮಿಯನ್ನು ಹಿಡಿದು, ಮೇಲ್ಮುಖ ಜಾರ್‌ನಿಂದ ಕಿತ್ತು ತರುತ್ತಾರೆ. ಇದೇ ರೀತಿ ವಾಲ್ವ್ ಕೂರಿಸುತ್ತಾರೆ. ಡಮ್ಮಿ ಕೀಳುವ ಮುನ್ನ ಕೇಸಿಂಗ್ ಮತ್ತು ಟ್ಯೂಬಿಂಗ್ ಒತ್ತಡ ಸರಿಸಮ ಮಾಡಲೇಬೇಕು. ಮಾಡದಿದ್ದರೆ ನುಗ್ಗುವ ಒತ್ತಡ ಟೂಲನ್ನು ಮೇಲಕ್ಕೆಸೆದು ತಂತಿ ಗಂಟಾಗುತ್ತದೆ. ಬಾವಿ 60 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ತನ್ನ ತೂಕ ಮಾತ್ರದಿಂದ ಟೂಲು ಇಳಿಯುವುದು ಕಷ್ಟ. ಆಳದ ಮ್ಯಾಂಡ್ರೆಲ್ ಎಲ್ಲಿಡಬೇಕೆಂದು ನಿರ್ಧರಿಸುವಾಗಲೇ ಇದನ್ನು ನೋಡಿಕೊಳ್ಳಿ.

ಇನ್ನು ಅನಿಲ ಬಿಡುವುದು. ವಾಲ್ವ್‌ಗಳು ಹಾಳಾಗುವುದು ಬಹುಪಾಲು ಈ ಮೊದಲ ಕೆಲವು ಗಂಟೆಗಳಲ್ಲೇ. 7 ಇಂಚು ಕೇಸಿಂಗಿನಲ್ಲಿ 2⅞ ಇಂಚು ಟ್ಯೂಬಿಂಗ್ ಇದ್ದರೆ 1800 ಮೀಟರ್ ಅನ್ಯುಲಸ್ಸಿನಲ್ಲಿ ಸುಮಾರು 27 ಘನಮೀಟರ್ ನೀರಿರುತ್ತದೆ. ಅಷ್ಟೂ ಆ ಪುಟ್ಟ ತೂತುಗಳ ಮೂಲಕವೇ ಹೋಗಬೇಕು. ಅವಸರದಿಂದ ಒತ್ತಿದರೆ ಮರಳುಕಣ ಹೊತ್ತ ನೀರು ಸೀಟನ್ನೂ ಗುಂಡನ್ನೂ ಕೊರೆದುಬಿಡುತ್ತದೆ. ಆಮೇಲೆ ಆ ವಾಲ್ವ್ ಮುಚ್ಚುವುದಿಲ್ಲ. ಆದ್ದರಿಂದ ಕೇಸಿಂಗ್ ಒತ್ತಡ 28 ಕಿಲೋ ಆಗುವವರೆಗೆ ಪ್ರತಿ 8ರಿಂದ 10 ನಿಮಿಷಕ್ಕೆ 3.5 ಕಿಲೋದಂತೆ ಏರಿಸಿ. ನಂತರ ಮೊದಲ ವಾಲ್ವಿನಿಂದ ಅನಿಲ ನುಗ್ಗುವವರೆಗೆ ಅಷ್ಟೇ ಹೊತ್ತಿಗೆ 7 ಕಿಲೋದಂತೆ. ನುಗ್ಗಿದ ಮೇಲೂ ಪೂರ್ಣ ಪ್ರಮಾಣ ಬೇಡ. ವಿನ್ಯಾಸದ ಅರ್ಧದಿಂದ ಮೂರನೇ ಎರಡು ಪಾಲಿನಲ್ಲಿ 12ರಿಂದ 18 ಗಂಟೆ ಓಡಿಸಿ ಆಮೇಲೆ ಪೂರ್ಣಕ್ಕೆ ತನ್ನಿ.

ಪ್ರಶ್ನೆ: ಪಂಪು ಇಳಿಸಿದರೆ ಇಷ್ಟೆಲ್ಲ ರಗಳೆ ಇರುವುದಿಲ್ಲವಲ್ಲ? (ಓದುಗರು, ದಾವಣಗೆರೆ)

ಉತ್ತರ: ಮರಳು, ಹೆಚ್ಚು ಅನಿಲ, ಓರೆ ಬಾವಿ ಇವು ಪಂಪಿನ ಶತ್ರುಗಳು, ಗ್ಯಾಸ್ ಲಿಫ್ಟಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಕೆಟ್ಟ ವಾಲ್ವನ್ನು ತಂತಿಯಿಂದಲೇ ಬದಲಿಸಬಹುದು, ಸಮುದ್ರದಲ್ಲಿ ರಿಗ್ ತರಿಸುವ ವೆಚ್ಚ ಉಳಿಯುತ್ತದೆ. ಅನಿಲದ ಮೂಲವಿಲ್ಲದ ಕಡೆ, ಎಣ್ಣೆ ಬಹಳ ಗಟ್ಟಿಯಿರುವ ಕಡೆ ಪಂಪೇ ಸರಿ. ಕಂಪ್ರೆಸರ್ ನಿಂತರೆ ಅದರ ಮೇಲೆ ಅವಲಂಬಿಸಿದ ಬಾವಿಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ ಎಂಬುದೂ ನೆನಪಿರಲಿ. ಪದರದ ಒತ್ತಡ ತೀರಾ ಇಳಿದಿದ್ದರೆ ಬಿಟ್ಟು ಬಿಟ್ಟು ಅನಿಲ ಕೊಡುವ ಇಂಟರ್‌ಮಿಟೆಂಟ್ ಪದ್ಧತಿ ಇದೆ. ಅದರಲ್ಲಿ ಪ್ರತಿ 300 ಮೀಟರ್ ಏರಿಕೆಗೆ ದ್ರವದ ಶೇಕಡಾ 5ರಿಂದ 7 ಭಾಗ ಗೋಡೆಗಂಟಿ ಹಿಂದೆ ಜಾರುತ್ತದೆ.

ಪ್ರಶ್ನೆ: ಕೊಲ್ಲಿ ದೇಶವೊಂದರಲ್ಲಿ ಫೀಲ್ಡ್ ಆಪರೇಟರ್ ಆಗಿದ್ದೇನೆ. ಅನಿಲ ಸರಿಯಾಗಿ ಹೋಗುತ್ತಿದ್ದರೂ ಒಂದು ಬಾವಿಯಲ್ಲಿ ಉತ್ಪಾದನೆ ಬಿದ್ದಿದೆ. ಇನ್ನೊಂದರಲ್ಲಿ ಒತ್ತಡ ಉಯ್ಯಾಲೆಯಾಡುತ್ತದೆ. ಎಲ್ಲಿಂದ ಹುಡುಕಲಿ? (ಉಡುಪಿ ಮೂಲದ ಓದುಗರು)

ಉತ್ತರ: ಮೊದಲು ಕೇಸಿಂಗ್ ಮತ್ತು ಟ್ಯೂಬಿಂಗ್ ಒತ್ತಡದ 24 ಗಂಟೆಯ ದಾಖಲೆ ಎರಡನ್ನೂ ಒಟ್ಟಿಗಿಟ್ಟು ನೋಡಿ. ಮೊದಲ ಬಾವಿಯಲ್ಲಿ ಕೇಸಿಂಗ್ ಒತ್ತಡ ವಿನ್ಯಾಸಕ್ಕಿಂತ ಕೆಳಗಿದ್ದು ಅನಿಲ ಎಂದಿನಂತೆ ಅಥವಾ ಹೆಚ್ಚೇ ಹೋಗುತ್ತಿದ್ದರೆ, ಮೇಲಿನ ವಾಲ್ವೊಂದು ಮುಚ್ಚಿಲ್ಲ ಅಥವಾ ಟ್ಯೂಬಿಂಗ್ ತೂತಾಗಿದೆ. ಇವೆರಡನ್ನು ಬೇರ್ಪಡಿಸಲು, ನಿಮ್ಮ ಸೂಪರ್‌ವೈಸರ್ ಅನುಮತಿ ಪಡೆದು, ಅನಿಲ ಬಿಟ್ಟುಕೊಂಡೇ ಬಾವಿಯ ಬಾಯಿಯ ಹೊರಹರಿವಿನ ವಿಂಗ್ ವಾಲ್ವ್ ಮುಚ್ಚಿ. ಎರಡೂ ಒತ್ತಡ ಸಮವಾದಾಗ ಅನಿಲ ನಿಲ್ಲಿಸಿ ಕೇಸಿಂಗ್ ಕಡೆ ಬೇಗ ಇಳಿಸಿ. ಟ್ಯೂಬಿಂಗ್ ಒತ್ತಡವೂ ಜೊತೆಗೇ ಇಳಿದರೆ ತೂತಿರುವ ಸಂಭವ ಹೆಚ್ಚು. ಇಳಿಯದೆ ನಿಂತರೆ ಚೆಕ್ ವಾಲ್ವ್‌ಗಳು ಹಿಡಿದಿವೆ, ತೆರೆದ ವಾಲ್ವನ್ನು ಹುಡುಕಿ.

ಕೇಸಿಂಗ್ ಒತ್ತಡ ಏರಿ ಅನಿಲವೇ ಹೋಗದಿದ್ದರೆ ಆರಿಫೈಸ್ ಲವಣದಿಂದ ಕಟ್ಟಿರಬಹುದು. ಒಳಹೋಗುವ ಅನಿಲದ ಹರಿವು ನಿಯಂತ್ರಿಸುವ ಇನ್‌ಪುಟ್ ಚೋಕ್ ಹೊರಗೆ ಹಿಮ ಕಟ್ಟಿದ್ದು ಅದರ ಮುಂದೆ ಒತ್ತಡ ಬಿದ್ದಿದ್ದರೆ ಒಳಗೆ ಹೈಡ್ರೇಟ್, ಅಂದರೆ ನೀರು ಮತ್ತು ಅನಿಲ ಸೇರಿದ ಮಂಜುಗಡ್ಡೆಯಂಥ ಗಟ್ಟಿ, ಕೂತಿದೆ: ತಾತ್ಕಾಲಿಕಕ್ಕೆ ಮೆಥನಾಲ್, ಶಾಶ್ವತಕ್ಕೆ ಗ್ಲೈಕಾಲ್ ಘಟಕವನ್ನು ಸರಿಪಡಿಸಿ ಅನಿಲ ಒಣಗಿಸುವುದು.

ಉಯ್ಯಾಲೆಗೆ ಸಾಮಾನ್ಯ ಕಾರಣ ದೊಡ್ಡ ಆರಿಫೈಸ್. ಚೋಕ್ ಕೊಡುವುದಕ್ಕಿಂತ ವೇಗವಾಗಿ ಅದು ಅನ್ಯುಲಸ್ಸಿನ ಅನಿಲ ಬಿಟ್ಟುಕೊಡುತ್ತದೆ. ಅನ್ಯುಲಸ್ ಬರಿದಾಗಿ ಹರಿವು ಕುಸಿಯುತ್ತದೆ, ಮತ್ತೆ ತುಂಬುವವರೆಗೆ ಕಾಯುತ್ತದೆ. ಬಾವಿಯ ಬಾಯಿಯ ಚೋಕ್ ಬಿಗಿ ಮಾಡಿ ಇದನ್ನು ಅಡಗಿಸುವವರಿದ್ದಾರೆ, ಆದರೆ ತಳದ ಒತ್ತಡ ಏರಿ ಎಣ್ಣೆ ನಷ್ಟವಾಗುತ್ತದೆ. ಸಣ್ಣ ಆರಿಫೈಸ್ ಅಥವಾ ನಡುವೆ ಕಿರಿದಾಗಿ ಮತ್ತೆ ಅಗಲವಾಗುವ ವೆಂಚುರಿ ಮಾದರಿ ಹಾಕಿಸುವುದು ಸರಿಯಾದ ದಾರಿ. ವೆಂಚುರಿಯಲ್ಲಿ ಟ್ಯೂಬಿಂಗ್ ಒತ್ತಡ ಕೇಸಿಂಗ್ ಒತ್ತಡದ ಶೇಕಡಾ 90ರ ಆಸುಪಾಸು ಇದ್ದರೂ ಅನಿಲದ ಹರಿವು ಬದಲಾಗುವುದಿಲ್ಲ, ಹಾಗಾಗಿ ಮೇಲಿನ ಅಲುಗಾಟ ಅನ್ಯುಲಸ್ಸಿಗೆ ದಾಟುವುದಿಲ್ಲ.

ಯಾವ ವಾಲ್ವ್ ಎಂಬುದು ಖಚಿತವಾಗಬೇಕಾದರೆ, ಬಾವಿ ಹರಿಯುತ್ತಿರುವಾಗಲೇ ಒತ್ತಡ ಮತ್ತು ತಾಪದ ಗೇಜ್ ಇಳಿಸಿ ಸರ್ವೆ ಮಾಡಿಸಿ. ಪ್ರತಿ ಮ್ಯಾಂಡ್ರೆಲ್ಲಿನ ಸ್ವಲ್ಪ ಮೇಲೆ ಮತ್ತು ಕೆಳಗೆ ಗೇಜ್ ನಿಲ್ಲಿಸಬೇಕು. ಅನಿಲ ಹಿಗ್ಗಿ ಒಳನುಗ್ಗುವ ಜಾಗ ತಣ್ಣಗಾಗುವುದರಿಂದ ತಾಪದ ಗೆರೆಯಲ್ಲಿ ಅಲ್ಲಿ ಸಣ್ಣ ತಗ್ಗು ಕಾಣುತ್ತದೆ, ಒತ್ತಡದ ಗೆರೆಯ ಇಳಿಜಾರೂ ಅಲ್ಲೇ ಬದಲಾಗುತ್ತದೆ. ಎರಡು ಕಡೆ ತಗ್ಗು ಕಂಡರೆ ಅನಿಲ ಎರಡು ವಾಲ್ವಿನಿಂದ ಹೋಗುತ್ತಿದೆ. ಮೊದಲು ಬದಲಿಸಬೇಕಾದದ್ದು ಮೇಲಿನದನ್ನು.