ಸಾನ್ ಹೋಸೆಯಲ್ಲಿ ಮೆಜೆಸ್ಟಿಕ್ ಇಲ್ಲ

(ಪ್ರವಾಸ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ಟೆಕ್ಸಾಸಿನಲ್ಲಿರುವ ಮಗಳೊಡನೆ ನಾವು ದಂಪತಿಗಳು ಜನವರಿಯಲ್ಲಿ ಕೋಸ್ಟರಿಕಕ್ಕೆ ಹೋಗುವವರಿದ್ದೇವೆ. ಕಾರು ಬಾಡಿಗೆಗೆ ಹಿಡಿಯದೆ ಬಸ್ಸಿನಲ್ಲೇ ಸುತ್ತುವ ಆಸೆ. ವಿಮಾನ ಮಧ್ಯಾಹ್ನ ಒಂದು ಗಂಟೆಗೆ ಇಳಿಯುತ್ತದೆ. ರಾಜಧಾನಿ ಸಾನ್ ಹೋಸೆಯಲ್ಲಿ ಬಸ್ಸು ಬದಲಿಸಿ ಅಂದೇ ಮೋಂತೆವೆರ್ದೆ ತಲುಪಬಹುದೇ? ಅಲ್ಲಿ ನಮ್ಮ ಮೆಜೆಸ್ಟಿಕ್ಕಿನಂತಹ ಒಂದು ನಿಲ್ದಾಣ ಇದೆಯೇ?
(ಓದುಗರೊಬ್ಬರು, ಜಯನಗರ, ಬೆಂಗಳೂರು)

ಉತ್ತರ: ಇಲ್ಲ, ಮತ್ತು ನಿಮ್ಮ ಮೊದಲ ಪ್ರಶ್ನೆಗೂ ಇದರಿಂದಲೇ ಉತ್ತರ ಸಿಕ್ಕಂತಾಯಿತು. ಸಾನ್ ಹೋಸೆಯಲ್ಲಿ ಎಲ್ಲ ಊರುಗಳ ಬಸ್ಸುಗಳೂ ಬಂದು ಸೇರುವ ಒಂದು ಕೇಂದ್ರ ನಿಲ್ದಾಣವೆಂಬುದು ಇಲ್ಲ. ಯಾವ ದಿಕ್ಕಿನ ಊರೋ, ಯಾವ ಕಂಪನಿಯ ಬಸ್ಸೋ, ಅದಕ್ಕೆ ತಕ್ಕಂತೆ ನಿಲ್ದಾಣ ಬೇರೆ. ಮೋಂತೆವೆರ್ದೆ, ಲಾ ಫೋರ್ತುನಾ ಕಡೆಯ ಬಸ್ಸುಗಳು ‘7-10’ ಎಂಬ ನಿಲ್ದಾಣದಿಂದ, ಕೆರಿಬಿಯನ್ ಕರಾವಳಿಯ ಲಿಮೋನ್ ಮತ್ತು ದಾರಿಯಲ್ಲಿ ಸಿಗುವ ಗ್ವಾಪಿಲೆಸ್ ಬಸ್ಸುಗಳು ನಗರದ ಉತ್ತರಕ್ಕಿರುವ ‘ಗ್ರಾನ್ ತೆರ್ಮಿನಾಲ್ ದೆಲ್ ಕರೀಬೆ’ಯಿಂದ, ದಕ್ಷಿಣದ ಗೊಲ್ಫಿತೊ ಹಾಗೂ ಪನಾಮಾ ಗಡಿಯ ಬಸ್ಸುಗಳು ತ್ರಾಕೋಪಾ ಕಂಪನಿಯ ಸ್ವಂತ ನಿಲ್ದಾಣದಿಂದ ಹೊರಡುತ್ತವೆ. ಆದ್ದರಿಂದ ಇಲ್ಲಿ ಬಸ್ಸು ಬದಲಿಸುವುದೆಂದರೆ ಸಾಮಾನು ಹೊತ್ತು ಊರಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವುದೆಂದೇ ಅರ್ಥ.

ಹುವಾನ್ ಸಾಂತಮರಿಯ ವಿಮಾನ ನಿಲ್ದಾಣವಿರುವುದು ರಾಜಧಾನಿಯಲ್ಲಲ್ಲ, ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದ ಅಲಹುವೇಲಾ ಪಟ್ಟಣದ ಪಕ್ಕದಲ್ಲಿ. ಹೊರಗೆ ಬಂದರೆ ಎದುರಿನ ರಸ್ತೆಯಲ್ಲೇ ತುವಾಸಾ ಕಂಪನಿಯ ಬಸ್ಸು ಸಿಗುತ್ತದೆ. ಹತ್ತುವ ಮುನ್ನ ಚಾಲಕರನ್ನು “ಸಾನ್ ಹೋಸೆ?” ಎಂದು ಕೇಳಿಕೊಳ್ಳಿ, ಏಕೆಂದರೆ ಎದುರು ದಿಕ್ಕಿನ ಬಸ್ಸು ನಿಮ್ಮನ್ನು ಅಲಹುವೇಲಾಕ್ಕೆ ಒಯ್ಯುತ್ತದೆ. ಹಣವನ್ನು ಚಾಲಕರ ಕೈಗೇ ಕೊಡಬೇಕು. ಅಲ್ಲಿನ ಹಣವಾದ ಕೊಲೋನಿನ ಚಿಲ್ಲರೆ ನೋಟುಗಳಿದ್ದರೆ ಇಬ್ಬರಿಗೂ ನೆಮ್ಮದಿ.

ಹತ್ತುವಾಗ ಒಂದು ಎಚ್ಚರ. ಬಾಗಿಲ ಮೆಟ್ಟಿಲಿನ ಎರಡೂ ಬದಿಯಲ್ಲಿ ಸೊಂಟದೆತ್ತರಕ್ಕೆ ಎರಡು ಕಂಬಗಳಿರುತ್ತವೆ. ಅವುಗಳ ನಡುವೆ ಹಾಯುವ, ಕಣ್ಣಿಗೆ ಕಾಣದ ಕಿರಣವೇ ಹತ್ತಿದವರ ಲೆಕ್ಕ ಇಡುತ್ತದೆ. ಅಲ್ಲಿ ನಿಂತು ಪರ್ಸು ತಡಕಾಡಿದರೆ, ಅಥವಾ ಪೆಟ್ಟಿಗೆ ಎತ್ತಿಕೊಳ್ಳಲು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಸರಿದರೆ ಎಣಿಕೆ ತಪ್ಪಿ, ಬಾರದ ಪ್ರಯಾಣಿಕರ ಲೆಕ್ಕ ಚಾಲಕರ ತಲೆಗೆ ಬರುತ್ತದೆ. ಸೌಮ್ಯವಾಗಿ ಮಾತನಾಡುವ ಆ ದೇಶದಲ್ಲಿ ನಾನು ಗದರಿಸಿಕೊಂಡದ್ದು ಆ ಎರಡು ಕಂಬಗಳ ನಡುವೆ ನಿಂತಾಗ ಮಾತ್ರ. ಹಣವನ್ನು ಕೆಳಗೇ ಕೈಯಲ್ಲಿ ಹಿಡಿದುಕೊಂಡು, ಒಂದೇ ಬಾರಿಗೆ ದಾಟಿಬಿಡಿ.

ಈ ಬಸ್ಸು ನಿಮ್ಮನ್ನು ಲಾ ಮೆರ್ಸೆದ್ ಚರ್ಚಿನ ಬಳಿ, ಎರಡನೆಯ ಅವೆನಿದಾ ಎಂಬ ರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ 7-10 ನಿಲ್ದಾಣ ಒಂದು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿದೆ. ನಕ್ಷೆಯಲ್ಲಿ ನೋಡಿದವರಿಗೆ ನಡೆದುಬಿಡೋಣ ಎನಿಸುವುದು ಸಹಜ. ಆದರೆ ನಡುವೆ ಸಿಗುವ ‘ಕೋಕಾ ಕೋಲಾ’ ಪ್ರದೇಶ ಜೇಬುಗಳ್ಳರಿಗೆ ಹೆಸರಾದ ಜಾಗವಾದ್ದರಿಂದ ಸಾಮಾನು ಎಳೆದುಕೊಂಡು ಆ ದಾರಿಯಲ್ಲಿ ಹೋಗುವುದು ಬೇಡ. ಕೆಂಪು ಬಣ್ಣದ, ಬಾಗಿಲ ಮೇಲೆ ಹಳದಿ ತ್ರಿಕೋನವಿರುವ ಟ್ಯಾಕ್ಸಿ ಹಿಡಿಯಿರಿ. ಅಲ್ಲಿನವರು ಟ್ಯಾಕ್ಸಿ ಮೀಟರನ್ನು ‘ಮರಿಯಾ’ ಎಂದು ಕರೆಯುತ್ತಾರೆ. ಕುಳಿತ ಕೂಡಲೇ “ಲಾ ಮರಿಯಾ, ಪೋರ್ ಫವೋರ್” ಎಂದರೆ ಚಾಲಕರು ಮೀಟರ್ ಹಾಕುತ್ತಾರೆ, ಜೊತೆಗೆ ನೀವು ಪೂರಾ ಹೊಸಬರಲ್ಲವೆಂದೂ ತಿಳಿದುಕೊಳ್ಳುತ್ತಾರೆ.

ಈಗ ಗಡಿಯಾರ ನೋಡೋಣ. ಒಂದಕ್ಕೆ ಇಳಿದು ವಲಸೆ ವಿಭಾಗ, ಸಾಮಾನು, ಹಗಲಿನ ವಾಹನ ದಟ್ಟಣೆ ಎಲ್ಲವನ್ನೂ ದಾಟಿ ನೀವು 7-10 ತಲುಪುವಷ್ಟರಲ್ಲಿ ಮೂರೂವರೆಯಾದರೂ ಆಗಿರುತ್ತದೆ. ಮೋಂತೆವೆರ್ದೆಗೆ ನೇರ ಬಸ್ಸುಗಳು ದಿನಕ್ಕೆ ಬೆರಳೆಣಿಕೆಯಷ್ಟು, ದಾರಿ ನಾಲ್ಕೈದು ಗಂಟೆಯದು, ಕೊನೆಯ ಭಾಗ ಪೂರ್ತಿ ಬೆಟ್ಟದ ತಿರುವುಗಳದು. ಸಂಜೆ ಆರರ ಹೊತ್ತಿಗೆ ಕತ್ತಲು. ಹೀಗಾಗಿ ಅಂದು ರಾತ್ರಿ ಅಲಹುವೇಲಾದಲ್ಲೋ ಸಾನ್ ಹೋಸೆಯಲ್ಲೋ ತಂಗಿ, ಮರುದಿನದ ಬೆಳಗಿನ ಬಸ್ಸಿಗೆ ಚೀಟಿ ಮಾಡಿಸಿಕೊಳ್ಳುವುದೇ ಸರಿ. ಸಾನ್ ಹೋಸೆ ಕಳೆದುಹೋದ ದಿನವೆಂದು ಭಾವಿಸಬೇಡಿ. 1897ರಲ್ಲಿ ಬಾಗಿಲು ತೆರೆದ ರಾಷ್ಟ್ರೀಯ ರಂಗಮಂದಿರ ಮತ್ತು 1880ರ ಕೇಂದ್ರ ಮಾರುಕಟ್ಟೆ, ಎರಡನ್ನೂ ವಾಹನಗಳಿಲ್ಲದ ಅವೆನಿದಾ ಸೆಂಟ್ರಲ್ ಬೀದಿಯಲ್ಲಿ ನಡೆಯುತ್ತಲೇ ನೋಡಬಹುದು.

ಪ್ರಶ್ನೆ: ಸಾನ್ ಹೋಸೆಯ ವಸತಿಗೃಹದವರು ಕಳುಹಿಸಿದ ವಿಳಾಸದಲ್ಲಿ ಬಾಗಿಲ ಸಂಖ್ಯೆಯಾಗಲಿ ರಸ್ತೆಯ ಹೆಸರಾಗಲಿ ಇಲ್ಲ. “ಚರ್ಚಿನಿಂದ ಉತ್ತರಕ್ಕೆ 200 ಮೀಟರ್, ಪಶ್ಚಿಮಕ್ಕೆ 50 ಮೀಟರ್” ಎಂದಷ್ಟೇ ಇದೆ. ಇದನ್ನು ನಂಬಬಹುದೇ?
(ಓದುಗರೊಬ್ಬರು, ಧಾರವಾಡ)

ಉತ್ತರ: ಧಾರಾಳವಾಗಿ ನಂಬಬಹುದು, ಅಲ್ಲಿನ ವಿಳಾಸವೇ ಹಾಗೆ. ಆದರೆ ಮೀಟರನ್ನು ಟೇಪು ಹಿಡಿದು ಅಳೆಯಲು ಹೋಗಬೇಡಿ. ನೂರು ಮೀಟರ್ ಎಂದರೆ ಅವರ ಮಾತಿನಲ್ಲಿ ಒಂದು ‘ಕ್ವಾದ್ರಾ’, ಅಂದರೆ ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗಿನ ದೂರ. ಅದು ನಿಜಕ್ಕೂ ಎಂಬತ್ತು ಮೀಟರ್ ಇದ್ದರೂ ಬಾಯಲ್ಲಿ ನೂರೇ. ಐವತ್ತೆಂದರೆ ಅರ್ಧ ಕ್ವಾದ್ರಾ.

ತೊಡಕಿರುವುದು ಗುರುತಿನಲ್ಲಿ. ಸಾನ್ ಪೆದ್ರೋ ಬಡಾವಣೆಯಲ್ಲಿ ‘ಹಳೆಯ ಇಗೆರೋನ್’ ಎಂಬ ಗುರುತನ್ನು ಇಂದಿಗೂ ಹೇಳುತ್ತಾರೆ. ಇಗೆರೋನ್ ಎಂದರೆ ನಮ್ಮ ಆಲ, ಅತ್ತಿಗಳ ಜಾತಿಯ ಮರ. ಆ ಮರ ಹೋಗಿ ದಶಕಗಳೇ ಕಳೆದಿವೆ. ಮೇಲೆ ಹೇಳಿದ ಕೋಕಾ ಕೋಲಾ ಪ್ರದೇಶಕ್ಕೂ ಆ ಹೆಸರು ಬಂದದ್ದು ಹಿಂದೆ ಅಲ್ಲಿದ್ದ ಪಾನೀಯದ ಕಾರ್ಖಾನೆಯಿಂದ. ಟಾಕೀಸು ಹೋದ ಮೇಲೂ ಮೆಜೆಸ್ಟಿಕ್ಕೆಂದೇ ಕರೆಯುವ ನಮಗೆ ಇದು ವಿಚಿತ್ರವೆನಿಸಬಾರದು. ಪಕ್ಕದ ದೇಶ ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಂತೂ 1972ರ ಡಿಸೆಂಬರಿನ ಭೂಕಂಪದಲ್ಲಿ ನೆಲಸಮವಾದ ಕಟ್ಟಡಗಳಿಂದಲೇ ದೂರ ಎಣಿಸುತ್ತಾರೆ. ಉತ್ತರ ಎನ್ನುವ ಬದಲು ‘ಕೆರೆಯ ಕಡೆಗೆ’ ಎನ್ನುತ್ತಾರೆ, ಪೂರ್ವಕ್ಕೆ ‘ಮೇಲೆ’, ಪಶ್ಚಿಮಕ್ಕೆ ‘ಕೆಳಗೆ’.

ಸಾನ್ ಹೋಸೆಯ ನಡುಭಾಗದಲ್ಲಿ ಸಂಖ್ಯೆಗಳೂ ಇವೆ, ಬಸ್ಸು ಹುಡುಕುವವರಿಗೆ ಅವು ಬಹಳ ಉಪಯುಕ್ತ. ಅವೆನಿದಾಗಳು ಪೂರ್ವ ಪಶ್ಚಿಮವಾಗಿ ಸಾಗುತ್ತವೆ, ಕಾಯೆಗಳೆಂಬ ರಸ್ತೆಗಳು ಉತ್ತರ ದಕ್ಷಿಣವಾಗಿ. ನಡುವಿನ ಅವೆನಿದಾ ಸೆಂಟ್ರಲ್ಲಿನಿಂದ ಉತ್ತರಕ್ಕೆ ಬೆಸ ಸಂಖ್ಯೆಯ ಅವೆನಿದಾಗಳು, ದಕ್ಷಿಣಕ್ಕೆ ಸಮ. ಕಾಯೆ ಸೆಂಟ್ರಲ್ಲಿನಿಂದ ಪೂರ್ವಕ್ಕೆ ಬೆಸ ಕಾಯೆಗಳು, ಪಶ್ಚಿಮಕ್ಕೆ ಸಮ. ಇಷ್ಟು ನೆನಪಿದ್ದರೆ 7ನೆಯ ಅವೆನಿದಾ, 10ನೆಯ ಕಾಯೆ ಎಂದಾಕ್ಷಣ ನಿಲ್ದಾಣ ನಗರಮಧ್ಯದಿಂದ ವಾಯವ್ಯಕ್ಕಿದೆಯೆಂದು ನಕ್ಷೆಯಿಲ್ಲದೆಯೇ ಹೇಳಬಹುದು.

ಪ್ರಶ್ನೆ: ನಿಕರಾಗುವಾದ ಮನಾಗುವಾದಿಂದ ಸಾನ್ ಹೋಸೆಗೆ, ಅಲ್ಲಿಂದ ಪನಾಮಾ ನಗರಕ್ಕೆ ಬಸ್ಸಿನಲ್ಲೇ ಹೋಗುವ ಯೋಚನೆಯಿದೆ. ಗಡಿಗಳಲ್ಲಿ ಏನಾಗುತ್ತದೆ?
(ಕನ್ನಡಿಗರೊಬ್ಬರು, ಮೆಕ್ಸಿಕೋ ನಗರ)

ಉತ್ತರ: ಟಿಕಾಬಸ್ ಮುಂತಾದ ಅಂತರರಾಷ್ಟ್ರೀಯ ಬಸ್ಸುಗಳು ಈ ದಾರಿಯಲ್ಲಿ ಓಡುತ್ತವೆ. ಮನಾಗುವಾದಿಂದ ಸಾನ್ ಹೋಸೆಗೆ ಗಡಿಯ ಹೊತ್ತೂ ಸೇರಿ ಒಂಬತ್ತು ಹತ್ತು ಗಂಟೆ, ಸಾನ್ ಹೋಸೆಯಿಂದ ಪನಾಮಾ ನಗರಕ್ಕೆ ಹದಿನಾರು ಗಂಟೆಯ ಮೇಲೆ. ಉತ್ತರದ ಪೆನ್ಯಾಸ್ ಬ್ಲಾಂಕಾಸ್, ದಕ್ಷಿಣದ ಪಾಸೊ ಕನೋವಾಸ್, ಎರಡು ಗಡಿಗಳಲ್ಲೂ ಬಸ್ಸಿನಿಂದ ಇಳಿದು, ಮೊದಲು ಬಿಡುವ ದೇಶದ, ಆಮೇಲೆ ಹೊಗುವ ದೇಶದ ಮುದ್ರೆ ಹಾಕಿಸಿಕೊಳ್ಳಬೇಕು. ಸಾಮಾನನ್ನೂ ಇಳಿಸಿ ತಪಾಸಣೆಗೆ ಕೊಡಬೇಕಾಗುತ್ತದೆ. ಕೋಸ್ಟರಿಕವನ್ನು ನೆಲದ ದಾರಿಯಲ್ಲಿ ಬಿಡುವಾಗ ಸಣ್ಣದೊಂದು ನಿರ್ಗಮನ ತೆರಿಗೆಯಿದೆ. ಒಳಗೆ ಬರುವಾಗ, ದೇಶ ಬಿಟ್ಟು ಹೋಗುವ ಟಿಕೇಟು ತೋರಿಸಿ ಎನ್ನುತ್ತಾರೆ, ಆದ್ದರಿಂದ ಪನಾಮಾದ ಬಸ್ ಟಿಕೇಟನ್ನು ಮುಂಗಡವಾಗಿ ಕೊಂಡಿರುವುದು ಜಾಣತನ.

ವೀಸಾ ವಿಷಯದಲ್ಲಿ ಹಲವರು ಎಡವುವುದು ಒಂದು ಕಡೆ. ಗ್ವಾತೆಮಾಲಾ, ಎಲ್ ಸಾಲ್ವದೋರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ಒಂದು ಒಪ್ಪಂದದಲ್ಲಿವೆ, ಅಲ್ಲಿ ಪ್ರವಾಸಿಗೆ ಸಿಗುವ ದಿನಗಳ ಎಣಿಕೆ ನಾಲ್ಕಕ್ಕೂ ಸೇರಿ ಒಂದೇ. ಕೋಸ್ಟರಿಕ ಮತ್ತು ಪನಾಮಾ ಅದರ ಹೊರಗಿವೆ, ಅವುಗಳ ನಿಯಮ ಅವುಗಳದೇ. ಭಾರತದ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದ್ದವರಿಗೆ ಸಿಗುವ ಸಡಿಲಿಕೆಯ ಷರತ್ತುಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಆಯಾ ದೇಶದ ದೂತಾವಾಸವನ್ನೇ ಕೇಳಿ.

ಸಾನ್ ಹೋಸೆಯಲ್ಲಿ ಒಂದು ರಾತ್ರಿಯಾದರೂ ನಿಲ್ಲಿ. ಬಿಡುವಿದ್ದರೆ ಮುಂದಿನ ದಾರಿಯನ್ನು ತುಂಡು ಮಾಡಿ, ಸಾನ್ ಇಸಿದ್ರೊ ಪಟ್ಟಣದವರೆಗೆ ಹಗಲಿನ ಬಸ್ಸಿನಲ್ಲಿ ಹೋಗಿ. ಆ ರಸ್ತೆ 3,300 ಮೀಟರಿಗೂ ಮೇಲೇರಿ ‘ಸಾವಿನ ಬೆಟ್ಟ’ವೆಂಬ ಸೆರ್ರೊ ದೆ ಲಾ ಮುಯೆರ್ತೆಯನ್ನು ದಾಟುತ್ತದೆ. ರಸ್ತೆಯಾಗುವ ಮೊದಲು ಕಾಲ್ನಡಿಗೆಯಲ್ಲಿ ದಾಟುತ್ತಿದ್ದವರು ಚಳಿಗೆ ಸಾಯುತ್ತಿದ್ದುದರಿಂದ ಬಂದ ಹೆಸರದು. ಉಷ್ಣವಲಯದ ದೇಶವೆಂದು ಸ್ವೆಟರನ್ನು ಬಸ್ಸಿನ ಡಿಕ್ಕಿಗೆ ಹಾಕಿದವರು ಮಂಜಿನೊಳಗೆ ಕುಳಿತು ಹಲ್ಲು ಕಡಿಯುತ್ತಾರೆ.

ಪನಾಮಾ ಗಡಿ ದಾಟಿದೊಡನೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ. ಜಯನಗರದ ಓದುಗರು ಹುಡುಕುತ್ತಿರುವ ಮೆಜೆಸ್ಟಿಕ್ ನಿಮಗೆ ಅಲ್ಲಿ ಸಿಗುತ್ತದೆ: ಆಲ್ಬ್ರುಕ್ ನಿಲ್ದಾಣದಲ್ಲಿ ದೇಶದೊಳಗಿನ ಬಸ್ಸುಗಳು, ನಗರದ ಬಸ್ಸುಗಳು ಮತ್ತು 2014ರಲ್ಲಿ ಆರಂಭವಾದ ಮೆಟ್ರೋ ಮೂರೂ ಒಂದೆಡೆ ಸೇರುತ್ತವೆ. ಅಲ್ಲಿಂದಾಚೆ ಕೊಲಂಬಿಯಾಕ್ಕೂ ಬಸ್ಸಿನಲ್ಲೇ ಹೋಗೋಣವೆಂದರೆ ಆಗದು, ದಾರಿಯೆನ್ ಕಾಡಿನಲ್ಲಿ ರಸ್ತೆ ನಿಂತುಹೋಗುತ್ತದೆ.

ಪ್ರಶ್ನೆ: ಈಸ್ಟರ್ ರಜೆಯಲ್ಲಿ ಸಾನ್ ಹೋಸೆಗೆ ಹೋದರೆ ಬಸ್ಸುಗಳಲ್ಲಿ ನೂಕುನುಗ್ಗಲೇ?
(ಓದುಗರೊಬ್ಬರು, ಮಂಗಳೂರು)

ಉತ್ತರ: ವಾರದ ಆರಂಭದಲ್ಲಿ ನೂಕುನುಗ್ಗಲು, ಕೊನೆಯಲ್ಲಿ ಬಸ್ಸೇ ಅಪರೂಪ. ರಾಜಧಾನಿಯ ಜನ ಕಡಲತೀರಕ್ಕೆ ಹೊರಡುವ ವಾರವದು. ಪವಿತ್ರ ಗುರುವಾರ ಮತ್ತು ಗುಡ್ ಫ್ರೈಡೆಯಂದು ಅನೇಕ ಮಾರ್ಗಗಳಲ್ಲಿ ಸಂಚಾರ ತೀರಾ ಕಡಿಮೆಯಾಗುತ್ತದೆ, ಕೆಲವೆಡೆ ನಿಂತೇ ಹೋಗುತ್ತದೆ. ಬುಧವಾರದೊಳಗೆ ತಲುಪಬೇಕಾದ ಊರು ತಲುಪಿ, ಶನಿವಾರದವರೆಗೆ ಅಲ್ಲೇ ಇರಿ.