ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ತಂತಿ ತೂರಿಸಿ ಕರೆಂಟಿನಿಂದ ಕೇಳಿಸುವ ಸಾಧನ) ಮಾಡಿಸುವಾಗ, ಉಳಿದ ಕೇಳುವಿಕೆ ಹೋಗದಿರಲು ಅತಿ ಗಿಡ್ಡ ಎಲೆಕ್ಟ್ರೋಡ್, ಅಂದರೆ ಆ ತಂತಿ, ಹಾಕಿಸಲಾ, ಇನ್ನೂ ಒಳ್ಳೆಯದು ಬರೋವರೆಗೆ ಕಾಯಲಾ?

ಎರಡೂ ಬೇಡ ಅಂತೀನಿ.

ನನ್ನ ಕಿವಿಯೂ ಹೀಗೇ ಇತ್ತು. ಲಾರಿ ಸದ್ದು, ಮೃದಂಗದ ಎಡಭಾಗ, ಗಂಡಸರ ದನಿ ಎಲ್ಲ ಕೇಳುತ್ತಿತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಅಡುಗೆಮನೆಯಿಂದ ಹೆಂಡತಿ ಹಾಲು ಅಂದಳೋ, ಸಾಲು ಅಂದಳೋ, ಕಾಲು ಅಂದಳೋ, ಕಿವಿಗೆ ಬೀಳುತ್ತಿದ್ದುದು ಬರೀ 'ಆಲು'. ಹಿಯರಿಂಗ್ ಏಡ್ ಏರಿಸಿದರೆ ಆ 'ಆಲು' ಇನ್ನೂ ಜೋರಾಗುತ್ತಿತ್ತು, ಅಷ್ಟೇ.

ಡಾಕ್ಟರು ಇಂಪ್ಲಾಂಟ್ ಅಂದ ದಿನದಿಂದ ನಾನೂ ಎಲೆಕ್ಟ್ರೋಡ್ ಬಗ್ಗೆ ಓದೋಕೆ ಶುರು ಮಾಡಿದೆ. ಕಾಕ್ಲಿಯಾ, ಅಂದರೆ ಒಳಕಿವಿಯ ಬಸವನಹುಳದಂಥ ಸುರುಳಿ, ಅದರ ಬುಡದಲ್ಲಿ ಕೀಚಲು ದನಿ, ತುದಿಯಲ್ಲಿ ದಪ್ಪ ದನಿ. ತಂತಿ ಬುಡದಲ್ಲೇ ನಿಂತರೆ ತುದಿಯ ಕೇಳುವಿಕೆ ಉಳಿಯುತ್ತೆ, ಬುಡಕ್ಕೆ ಕರೆಂಟು, ತುದಿಗೆ ಹಿಯರಿಂಗ್ ಏಡ್. ಈ ಜೋಡಿಯನ್ನು 1999ರಲ್ಲೇ ಫ್ರಾಂಕ್‌ಫರ್ಟಿನವರು ಹೇಳಿದ್ದರು. ಅಯೋವಾದವರು 10 ಮಿ.ಮೀ. ತಂತಿ ಹಾಕಿ ನೋಡಿದರು. 16 ಮಿ.ಮೀ. ತಂತಿಯ ಹೈಬ್ರಿಡ್ ಎಲ್24 ಅನ್ನೋ ಇಂಪ್ಲಾಂಟ್‌ಗೆ 2014ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸಂಸ್ಥೆ) ಒಪ್ಪಿಗೆ ಸಿಕ್ಕಿತು. ಇಷ್ಟು ಬೇಗ ಸುಧಾರಿಸ್ತಿದೆ ಅಂದಮೇಲೆ ಇನ್ನೊಂದೆರಡು ವರ್ಷ ನೋಡೋಣ ಅಂದುಕೊಂಡೆ.

ಕೆಟ್ಟಿದ್ದೇ ಇಲ್ಲಿ. ಆಪರೇಷನ್ ಮಾಡಿಸದಿದ್ದರೆ ಇರೋದು ಇದ್ದಹಾಗೇ ಇರುತ್ತೆ ಅಂತ ನಾನು ನಂಬಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದು. ಹಳೇ ಆಡಿಯೋಗ್ರಾಮ್‌ಗಳೆಲ್ಲ (ಯಾವ ದನಿ ಎಷ್ಟು ಕೇಳುತ್ತೆ ಅಂತ ತೋರಿಸುವ ಗೆರೆಚಿತ್ರಗಳು) ಫೈಲಲ್ಲೇ ಇದ್ದವು, ಒಂದರ ಪಕ್ಕ ಒಂದಿಟ್ಟು ನೋಡಿದ್ದರೆ 250, 500 ಹರ್ಟ್ಜ್ ಹತ್ತಿರದ, ಅಂದರೆ ದಪ್ಪ ದನಿಯ ಗೆರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಕೆಳಗಿಳೀತಿದೆ ಅಂತ ಯಾರಿಗಾದರೂ ಕಾಣೋದು. ನಾನು ಹೊಸದನ್ನಷ್ಟೇ ನೋಡಿ, ಪರವಾಗಿಲ್ಲ ಅಂತ ಮಡಚಿಡುತ್ತಿದ್ದೆ. ಅತ್ತ ಫೋನ್ ಎತ್ತೋದು ಬಿಟ್ಟಿದ್ದೆ, ಮೀಟಿಂಗಲ್ಲಿ ಸುಮ್ನೆ ತಲೆಯಾಡಿಸ್ತಿದ್ದೆ. ಕೊನೆಗೆ ಇಂಪ್ಲಾಂಟ್ ಮಾಡಿಸುವ ಹೊತ್ತಿಗೆ ಕಾಪಾಡೋಕೆ ಏನೂ ಉಳಿದಿರಲಿಲ್ಲ. 28 ಮಿ.ಮೀ.ನ ಉದ್ದನೆಯ ತಂತಿ ಹಾಕಿದರು. ಈಗ ಹಾಲು ಹಾಲೇ. ಮೃದಂಗ ಮಾತ್ರ ತಗಡು ಬಡಿದ ಹಾಗಿದೆ.

ಗಿಡ್ಡದ್ದು ಯಾಕೆ ಬೇಡ ಅಂದೆ ಅಂದರೆ, ನಾಳೆ ತುದಿಯ ಕೇಳುವಿಕೆಯೂ ಹೋದರೆ ಅಲ್ಲಿ ತಂತಿಯೇ ಇರಲ್ಲ. ಹಾಗಾಗಿ ಕೆಲವರಿಗೆ ಮತ್ತೆ ಆಪರೇಷನ್ ಮಾಡಿ ಉದ್ದದ್ದು ಹಾಕಬೇಕಾಗಿದೆ. ಅಲ್ಲದೆ ಕೇಳುವಿಕೆ ಉಳಿಯೋದು ಉದ್ದ ಒಂದರಿಂದಲೇ ಅಲ್ಲ. ಮೆಡ್-ಎಲ್ ಕಂಪನಿಯ ಫ್ಲೆಕ್ಸ್ ಅನ್ನೋ ತಂತಿಗಳ ತುದಿಯಲ್ಲಿ ಐದು ಕಡೆ ಜೋಡಿ ಬದಲು ಒಂಟಿ ಕಾಂಟ್ಯಾಕ್ಟ್ (ಕರೆಂಟು ಕೊಡುವ ಬಿಂದು) ಇಟ್ಟಿರೋದೇ ತುದಿ ತೆಳ್ಳಗೆ, ಮೆತ್ತಗೆ ಇರಲಿ ಅಂತ. ಸರ್ಜನ್ ರೌಂಡ್ ವಿಂಡೋ (ಕಾಕ್ಲಿಯಾ ಬುಡದಲ್ಲಿ ಪೊರೆ ಮುಚ್ಚಿದ ಕಿಂಡಿ) ಮೂಲಕ ನಿಧಾನವಾಗಿ ತೂರಿಸಿ, ಸ್ಟೀರಾಯ್ಡ್ ಕೊಟ್ಟರೆ ಉದ್ದನೆಯ ತಂತಿಯಲ್ಲೂ ಎಷ್ಟೋ ಜನರಿಗೆ ಸ್ವಲ್ಪವಾದರೂ ಉಳಿದಿದೆ. ಗ್ಯಾರಂಟಿ ಯಾರೂ ಕೊಡಲ್ಲ, ಕೊಟ್ಟರೆ ಬೇರೆ ಡಾಕ್ಟರನ್ನು ನೋಡಿ.

ಮೊದಲು ನಿಮ್ಮ ಹಳೇ ಆಡಿಯೋಗ್ರಾಮ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಎಡಗಡೆಯ, ಅಂದರೆ ದಪ್ಪ ದನಿಯ ಗೆರೆ ವರ್ಷಗಟ್ಟಲೆ ಅಲ್ಲಾಡದೆ ನಿಂತಿದ್ದರೆ ಗಿಡ್ಡದ್ದರ ಮಾತು ಎತ್ತಬಹುದು. ಇಳೀತಿದ್ದರೆ ಸಿಟಿ ಸ್ಕ್ಯಾನಲ್ಲಿ ನಿಮ್ಮ ಕಾಕ್ಲಿಯಾ ಉದ್ದ ಅಳೆಸಿ, ಅದಕ್ಕೆ ಯಾವ ತಂತಿ ಸರಿ ಅಂತ ಸರ್ಜನ್‌ರನ್ನೇ ಕೇಳಿ. ಈ ತಿಂಗಳೇ ಕೇಳಿ.