ಕುದುರೆ ದೂರ ನಿಂತಿತ್ತು ಅಂದ ಮಾತ್ರಕ್ಕೆ

ಮರುಭೂಮಿಯನ್ನು ಕಲ್ಪಿಸಿಕೊಳ್ಳಿ. ಅಲ್ಲೊಂದು ಕ್ಯೂಬ್ ಇದೆ, ಏಣಿ ಇದೆ, ಕುದುರೆ ಇದೆ, ಹೂಗಳಿವೆ, ಬಿರುಗಾಳಿಯೂ ಏಳುತ್ತಿದೆ. ಈ ಆಟವನ್ನು ನೀವೂ ಎಲ್ಲೋ ಆಡಿರಬಹುದು. ಕಂಡದ್ದನ್ನೆಲ್ಲ ಹೇಳಿದ ಮೇಲೆ ಅರ್ಥ ಬಿಡಿಸುತ್ತಾರೆ: ಕ್ಯೂಬ್ ಅಂದರೆ ನೀವು, ಏಣಿ ಸ್ನೇಹಿತರು, ಕುದುರೆ ಸಂಗಾತಿ, ಹೂಗಳು ಮಕ್ಕಳು, ಬಿರುಗಾಳಿ ಕಷ್ಟಗಳು. ಗೆಳೆಯರು ಸೇರಿದಾಗ ಹೊತ್ತು ಕಳೆಯಲು ಇದು ಚೆನ್ನಾಗಿದೆ. ಆದರೆ ಇಂಥ ಆಟದ ಉತ್ತರವನ್ನು ತೀರ್ಪಿನ ಹಾಗೆ ಹಿಡಿದುಕೊಂಡು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವವರನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಇಬ್ಬರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಗಂಡ ಹೆಂಡತಿ, ಇಬ್ಬರೂ ಕೆಲಸಕ್ಕೆ ಹೋಗುವವರು. ಒಂದು ರಾತ್ರಿ ಆಕೆ ಗಂಡನಿಗೆ ಈ ಪ್ರಶ್ನೆಗಳನ್ನು ಕೇಳಿದರು. ಆತನ ಕುದುರೆ ದೂರದಲ್ಲಿ, ಬೆನ್ನು ತಿರುಗಿಸಿ ನಿಂತಿತ್ತು. ಅವತ್ತಿನಿಂದ ಮಾತು ಕಡಿಮೆಯಾಯಿತು. "ಮನಸ್ಸಿನಲ್ಲಿ ಇದ್ದದ್ದೇ ತಾನೇ ಬಂದಿದ್ದು ಮೇಡಂ?" ಎಂದು ಆಕೆ ಮೊದಲ ಭೇಟಿಯಲ್ಲೇ ಕೇಳಿದರು. ಆತ ಸುಮ್ಮನೆ ಕೂತಿದ್ದರು. ಏನು ಹೇಳಿದರೂ ಅದಕ್ಕೊಂದು ಅರ್ಥ ಹುಟ್ಟುತ್ತದೆ ಎಂಬ ಭಯ ಅವರ ಮುಖದಲ್ಲಿ ಕಾಣುತ್ತಿತ್ತು.

ಎರಡನೇ ಭೇಟಿಯಲ್ಲಿ ನಾನು ಆತನಿಗೆ ಹೇಳಿದೆ, "ಆ ಜಾಗವನ್ನು ಇನ್ನೊಂದು ಸಲ ನೋಡಿ. ಯಾವುದಕ್ಕೂ ಅರ್ಥ ಹಚ್ಚಬೇಡಿ. ಏನು ಕಾಣುತ್ತೆ, ಅಷ್ಟನ್ನೇ ಹೇಳಿ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಗಾಳಿ ಎದುರಿನಿಂದ ಬರ್ತಿತ್ತು. ಮರಳು ಕಣ್ಣಿಗೆ ಬೀಳುತ್ತೆ ಅಂತ ಕುದುರೆ ಆ ಕಡೆ ತಿರುಗಿತ್ತು. ನಾನು ಹತ್ರ ಹೋದ್ರೆ ಬೆದರಿ ಓಡುತ್ತೇನೋ ಅಂತ ದೂರ ನಿಂತೆ."

ಆಕೆಯ ಮುಖ ಅರಳಿತು. "ಹಾಗಾದ್ರೆ ಇದು ಒಳ್ಳೇದೇ ಅಲ್ವಾ ಮೇಡಂ? ನನ್ನ ಮೇಲೆ ಕಾಳಜಿ ಇದೆ ಅಂತ ತಾನೇ?"

ನಾನು ಹೌದು ಅನ್ನಲಿಲ್ಲ. "ಅದೂ ಗೊತ್ತಿಲ್ಲ. ಮೊದಲಿನ ಅರ್ಥಕ್ಕೆ ಆಧಾರ ಇರಲಿಲ್ಲ, ಇದಕ್ಕೂ ಇಲ್ಲ," ಎಂದೆ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಇಬ್ಬರೂ ಸಮಾಧಾನವಾಗಿ ಎದ್ದು ಹೋಗುತ್ತಿದ್ದರಲ್ಲ, ಯಾಕೆ ಅಡ್ಡ ಹಾಕಿದಿರಿ ಅಂತ. ನನ್ನ ಉತ್ತರ ಈಗಲೂ ಅದೇ. ಇವತ್ತು ಕುದುರೆಯಿಂದ ಬಂದ ಸಮಾಧಾನ ನಾಳೆ ಇನ್ನೊಂದು ಕನಸಿನಿಂದ ಹೋಗುತ್ತದೆ. ಕುದುರೆ ಹತ್ತಿರ ಇದ್ದರೆ ಅತಿಯಾದ ಅವಲಂಬನೆ, ದೂರ ಇದ್ದರೆ ಉದಾಸೀನ, ಕಟ್ಟಿದ್ದರೆ ಹಿಡಿತ, ಬಿಟ್ಟಿದ್ದರೆ ಬೇಜವಾಬ್ದಾರಿ. ಯಾವ ಉತ್ತರ ಕೊಟ್ಟರೂ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಪರೀಕ್ಷೆ ಇದು.

ಮನೋವಿಜ್ಞಾನಿಗಳೂ ಚಿತ್ರ ತೋರಿಸುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ. ಹರ್ಮನ್ ರೋರ್‌ಶಾಕ್ ಅವರ 10 ಶಾಯಿಕಲೆಗಳನ್ನು ತೋರಿಸಿ ಏನು ಕಾಣುತ್ತದೆ ಎಂದು ಕೇಳುವ ಪರೀಕ್ಷೆ ಬಂದದ್ದು 1921ರಲ್ಲಿ. ಚಿತ್ರ ನೋಡಿ ಕಥೆ ಹೇಳಿಸುವ ಪರೀಕ್ಷೆಯನ್ನು ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ 1930ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ರೂಪಿಸಿದರು. ಅವುಗಳ ಮೇಲೆಯೇ ಹಲವು ದಶಕಗಳಿಂದ ತಕರಾರು ನಡೆದಿದೆ. ಸರಿಯಾಗಿ ತರಬೇತಿ ಪಡೆದವರು ಒಂದೇ ಉತ್ತರದಿಂದ ವ್ಯಕ್ತಿಯನ್ನು ಅಳೆಯುವುದಿಲ್ಲ. ಸಂದರ್ಶನ, ಹಿನ್ನೆಲೆ, ನಡವಳಿಕೆ ಎಲ್ಲವನ್ನೂ ಜೊತೆಗಿಟ್ಟು ನೋಡುತ್ತಾರೆ.

ಹಾಗಿದ್ದರೂ ಇಂಥ ಅರ್ಥಗಳು ಅಷ್ಟೊಂದು ನಿಜ ಅನ್ನಿಸುವುದು ಯಾಕೆ? ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ 'ಇದು ನಿಮ್ಮ ವ್ಯಕ್ತಿತ್ವ' ಎಂದು ಒಂದು ವಿವರಣೆ ಹಂಚಿದರು. ಎಷ್ಟು ಸರಿಯಾಗಿದೆ ಎಂದು ಕೇಳಿದಾಗ 5ಕ್ಕೆ ಸರಾಸರಿ 4ಕ್ಕಿಂತ ಹೆಚ್ಚು ಅಂಕ ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ವಿವರಣೆ! 1967ರಲ್ಲಿ ಮನೋವಿಜ್ಞಾನಿಗಳಾದ ಚಾಪ್ಮನ್ ದಂಪತಿ ಇನ್ನೊಂದು ವಿಷಯ ತೋರಿಸಿದರು. ಮನುಷ್ಯರ ಚಿತ್ರಗಳನ್ನೂ ಬರೆದವರ ಗುಣಗಳನ್ನೂ ಯಾವ ಸಂಬಂಧವೂ ಇಲ್ಲದಂತೆ ಜೋಡಿಸಿ ಕೊಟ್ಟರೂ, ಸಂಶಯ ಸ್ವಭಾವದವರು ಕಣ್ಣನ್ನು ಎದ್ದು ಕಾಣುವಂತೆ ಬರೆಯುತ್ತಾರೆ ಎಂಬಂಥ ಸಂಬಂಧಗಳನ್ನು ನೋಡಿದವರು ತಾವೇ ಕಂಡುಕೊಂಡರು. ಮೊದಲೇ ನಂಬಿದ್ದನ್ನು ಕಣ್ಣು ಹುಡುಕಿ ತರುತ್ತದೆ. ಆಕೆಗೂ ಹಾಗೇ ಆಗಿತ್ತು. ದೂರ ಆಗುತ್ತಿದ್ದೇವೆ ಎಂಬ ನೋವು ಆಟಕ್ಕಿಂತ ಮೊದಲೇ ಇತ್ತು.

ಹಾಗಾಗಿ ನಾನು ಆಕೆಯನ್ನು ಕೇಳಿದೆ, "ಈ ಆಟ ಆಡದೇ ಇದ್ದಿದ್ದರೆ ನೀವು ಯಾವುದರ ಬಗ್ಗೆ ಬೇಜಾರು ಮಾಡಿಕೊಳ್ಳುತ್ತಿದ್ರಿ?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದರು, "ಕೆಲಸ ಬದಲಾದ ಮೇಲೆ ಇವರು ಮನೆಗೆ ಬಂದ್ರೆ ನನ್ನ ಹತ್ರ ಒಂದು ಮಾತೂ ಆಡಲ್ಲ. ಊಟ, ಫೋನು, ನಿದ್ದೆ. ಅದನ್ನ ಹೇಳಿದ್ರೆ ಸುಸ್ತಾಗಿದೆ ಅಂತಾರೆ. ಕುದುರೆ ವಿಷಯಕ್ಕಾದ್ರೂ ಉತ್ತರ ಕೊಡ್ತಾರೆ ಅಂದುಕೊಂಡೆ."

ಆತ ಮೊದಲ ಸಲ ಆಕೆಯ ಕಡೆ ತಿರುಗಿ ಕೂತರು.

ಕಲ್ಪನೆಯ ಚಿತ್ರಗಳಿಂದ ಏನೂ ಪ್ರಯೋಜನ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಾನೇ ಅವನ್ನು ಬಳಸುತ್ತೇನೆ. ನೇರವಾಗಿ ಹೇಳಲಾಗದ್ದನ್ನು ಹೇಳಲು ಅವು ಬಾಗಿಲು ತೆರೆಯುತ್ತವೆ. ಆದರೆ ಅರ್ಥ ಹೇಳಬೇಕಾದವರು ಕಂಡವರೇ, ಪಕ್ಕದಲ್ಲಿ ಕೂತವರಲ್ಲ. ಹೇಳಿದ ಮೇಲೂ ದಿನನಿತ್ಯದ ಬದುಕಿನಲ್ಲಿ ಅದು ಹೌದೋ ಅಲ್ಲವೋ ನೋಡಬೇಕು.

ನಾನು ಕೊಟ್ಟ ಸಲಹೆ ಇಷ್ಟು. ಆಟದ ಅರ್ಥಗಳನ್ನು ಜಗಳದಲ್ಲಿ ಸಾಕ್ಷಿಯಾಗಿ ತರಬಾರದು. ಆಕೆ ದೂರು ಹೇಳುವಾಗ ನಡೆದ ಒಂದು ಘಟನೆಯನ್ನೇ ಹೇಳಬೇಕು: "ನಿನ್ನೆ ರಾತ್ರಿ ನಾನು ಕೇಳಿದಾಗ ನೀವು ಫೋನಿನಿಂದ ತಲೆ ಎತ್ತಲಿಲ್ಲ." ಆತ ಉತ್ತರ ಕೊಡಬೇಕಾದದ್ದು ಅದಕ್ಕೆ. ಸುಸ್ತಾಗಿದ್ದರೆ ಸುಸ್ತು ಎನ್ನಲಿ, ಆದರೆ ಯಾವಾಗ ಮಾತಾಡೋಣ ಎಂಬುದನ್ನೂ ಆಗಲೇ ಹೇಳಲಿ. ಪರೀಕ್ಷಿಸುವ ಉದ್ದೇಶ ಇಟ್ಟುಕೊಂಡು, ಅದನ್ನು ಹೇಳದೆ ಸಂಗಾತಿಗೆ ಇಂಥ ಪ್ರಶ್ನೆ ಕೇಳಬೇಡಿ ಎಂದು ಆಕೆಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅದು ನಂಬಿಕೆಗೆ ಪೆಟ್ಟು ಕೊಡುತ್ತದೆ.

ಈಗಲೂ ಅವರು ಬರುತ್ತಿದ್ದಾರೆ. ಹೊಸ ಕೆಲಸದಲ್ಲಿ ತನ್ನಿಂದ ಆಗುತ್ತಿಲ್ಲ ಎಂಬ ಹೆದರಿಕೆ ಆತನಿಗಿದೆ ಎಂಬುದು ಆಮೇಲೆ ಗೊತ್ತಾಯಿತು. ಅದನ್ನು ಆತ ಯಾರಿಗೂ ಹೇಳಿರಲಿಲ್ಲ. ಸದ್ಯ ನಾವು ಅದರ ಬಗ್ಗೆ ಮಾತಾಡುತ್ತಿದ್ದೇವೆ.